ಝ್ಯಾಕ್ ಈಡಿ, ಪರ್ಡ್ಯೂ ತಂಡದ ದಾಳಿ ಮತ್ತು ಎನ್‌ಬಿಎ ಡ್ರಾಫ್ಟ್: ಪದೇ ಪದೇ ಕೇಳುವ ಪ್ರಶ್ನೆಗಳು

2024ರ ಏಪ್ರಿಲ್ 9, ಯುಗಾದಿ ಬೆಳಿಗ್ಗೆ. ನಮ್ಮ ಮನೆಗಳಲ್ಲಿ ಎಣ್ಣೆಸ್ನಾನಕ್ಕೆ ನೀರು ಕಾಯುತ್ತಿದ್ದ ಹೊತ್ತಿನಲ್ಲಿ, ನಮ್ಮ ಗಡಿಯಾರ 6:50 ತೋರಿಸುತ್ತಿದ್ದಾಗ, ಅಮೆರಿಕದ ಅರಿಜೋನಾ ರಾಜ್ಯದ ಗ್ಲೆಂಡೇಲ್‌ನಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ಫೈನಲ್ ಶುರುವಾಯಿತು. ಅಲ್ಲಿ ಇನ್ನೂ 8ನೇ ತಾರೀಖಿನ ಸಂಜೆ. ಅಮಾವಾಸ್ಯೆ, ಅದೇ ದಿನ ಮಧ್ಯಾಹ್ನ ಇಂಡಿಯಾನಾದ ಮೇಲೆ ಪೂರ್ಣ ಸೂರ್ಯಗ್ರಹಣ ಹಾದುಹೋಗಿತ್ತು. ಆ ರಾಜ್ಯದ ಪರ್ಡ್ಯೂ ವಿಶ್ವವಿದ್ಯಾಲಯದ ಏಳಡಿ ನಾಲ್ಕಿಂಚಿನ ಹುಡುಗ ಝ್ಯಾಕ್ ಈಡಿ 37 ಪಾಯಿಂಟ್ ಹೊಡೆದ, ತಂಡ 15 ಪಾಯಿಂಟ್‌ಗಳಿಂದ ಸೋತಿತು. ಅವನ ಬಗ್ಗೆ ಎಷ್ಟು ಮಾತಾಡಿದರೂ ನನಗೆ ಮುಗಿಯುವುದಿಲ್ಲ. ಆಟ ಬಲ್ಲವರೂ ಹೊಸಬರೂ ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಒಂದೇ ಕಡೆ ಉತ್ತರ ಬರೆದಿದ್ದೇನೆ.

ಝ್ಯಾಕ್ ಈಡಿ ಯಾರು?

ಕೆನಡಾದ ಟೊರಾಂಟೊ ನಗರದವನು, ಹುಟ್ಟಿದ್ದು 2002ರ ಮೇ ತಿಂಗಳಲ್ಲಿ. ಚಿಕ್ಕಂದಿನಲ್ಲಿ ಆಡಿದ್ದು ಐಸ್ ಹಾಕಿ ಮತ್ತು ಬೇಸ್‌ಬಾಲ್. ಬ್ಯಾಸ್ಕೆಟ್‌ಬಾಲನ್ನು ಗಂಭೀರವಾಗಿ ಹಿಡಿದದ್ದು ಹೈಸ್ಕೂಲಿಗೆ ಬಂದ ಮೇಲೆ. ಅಷ್ಟು ತಡವಾಗಿ ಶುರುಮಾಡಿ ಫ್ಲೋರಿಡಾದ ಐಎಂಜಿ ಅಕಾಡೆಮಿ ಎಂಬ ಕ್ರೀಡಾ ಶಾಲೆಗೆ ಹೋದ. ಕಾಲೇಜಿಗೆ ಬರುವ ಹುಡುಗರ ರಾಷ್ಟ್ರೀಯ ಪಟ್ಟಿಯಲ್ಲಿ ಅವನ ಸ್ಥಾನ 400ಕ್ಕಿಂತ ಕೆಳಗಿತ್ತು. 2020ರಲ್ಲಿ ಪರ್ಡ್ಯೂ ಸೇರಿ, 2024ರಲ್ಲಿ ಹೊರಡುವಾಗ ಆ ವಿಶ್ವವಿದ್ಯಾಲಯದ ಚರಿತ್ರೆಯಲ್ಲೇ ಅತಿ ಹೆಚ್ಚು ಪಾಯಿಂಟ್ ಗಳಿಸಿದವನಾಗಿದ್ದ. ರಿಕ್ ಮೌಂಟ್ ಹೆಸರಲ್ಲಿ 1970ರಿಂದ ಉಳಿದಿದ್ದ ದಾಖಲೆ ಅದು. 2023 ಮತ್ತು 2024, ಎರಡೂ ವರ್ಷ ದೇಶದ ಅತ್ಯುತ್ತಮ ಕಾಲೇಜು ಆಟಗಾರ ಎನಿಸಿಕೊಂಡ. ಹಾಗೆ ಸತತವಾಗಿ ಗೆದ್ದವನು 1980ರ ದಶಕದ ರಾಲ್ಫ್ ಸ್ಯಾಂಪ್ಸನ್ ನಂತರ ಇವನೇ.

ಕೊನೆಯ ವರ್ಷದ ಸರಾಸರಿ: ಪಂದ್ಯಕ್ಕೆ 25.2 ಪಾಯಿಂಟ್, 12.2 ರೀಬೌಂಡ್ (ತಪ್ಪಿ ಪುಟಿದ ಚೆಂಡನ್ನು ಹಿಡಿಯುವುದು), ಎರಡಕ್ಕೂ ಹೆಚ್ಚು ಬ್ಲಾಕ್ (ಎದುರಾಳಿಯ ಎಸೆತವನ್ನು ಗಾಳಿಯಲ್ಲೇ ತಡೆಯುವುದು). ಎಸೆದ ಚೆಂಡುಗಳಲ್ಲಿ 62.3 ಶೇಕಡಾ ಒಳಗೆ ಬಿದ್ದವು.

ಡ್ರಾಫ್ಟ್ ಅಂದರೆ ಐಪಿಎಲ್ ಹರಾಜಿನ ಹಾಗೆಯೇ?

ಅಲ್ಲ. ಇಲ್ಲಿ ಬೆಲೆ ಕೂಗುವವರಿಲ್ಲ. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ 30 ತಂಡಗಳು ಸರದಿಯಂತೆ ಒಬ್ಬೊಬ್ಬರನ್ನು ಆರಿಸಿಕೊಳ್ಳುತ್ತವೆ, ಎರಡು ಸುತ್ತು. ಹಿಂದಿನ ವರ್ಷ ಪ್ಲೇಆಫ್ ತಲುಪದ 14 ತಂಡಗಳಿಗೆ ಚೀಟಿ ಎತ್ತಿ ಮೊದಲ ಸರದಿಗಳನ್ನು ಹಂಚುತ್ತಾರೆ, ಹೆಚ್ಚು ಸೋತವರಿಗೆ ಹೆಚ್ಚು ಅವಕಾಶ. ಆಯ್ಕೆಯಾದ ಆಟಗಾರ ಬೇರೆ ತಂಡದ ಜೊತೆ ಮಾತಾಡುವ ಹಾಗಿಲ್ಲ. ಮೊದಲ ಸುತ್ತಿನಲ್ಲಿ ಎಷ್ಟನೆಯವನಾಗಿ ಹೋದ ಎಂಬುದರ ಮೇಲೆ ಮೊದಲ ವರ್ಷಗಳ ಸಂಬಳದ ಮಟ್ಟ ನಿಗದಿಯಾಗುತ್ತದೆ. ಹಾಗಾಗಿ 9ನೆಯವನಾಗಿ ಹೋಗುವುದಕ್ಕೂ 25ನೆಯವನಾಗಿ ಹೋಗುವುದಕ್ಕೂ ಇರುವ ಅಂತರ ಬರೀ ಮರ್ಯಾದೆಯ ವಿಷಯವಲ್ಲ, ಲಕ್ಷಾಂತರ ಡಾಲರ್‌ಗಳದ್ದು. ಎರಡನೇ ಸುತ್ತಿನವರಿಗೆ ಆ ಖಾತ್ರಿಯೂ ಇಲ್ಲ.

ಪರ್ಡ್ಯೂ ತಂಡದ ದಾಳಿ ಹೇಗೆ ನಡೆಯುತ್ತಿತ್ತು? ಚೆಂಡನ್ನು ಉದ್ದನೆಯವನಿಗೆ ಕೊಡುವುದು, ಅಷ್ಟೇ ಅಲ್ಲವೇ?

ಟಿವಿಯಲ್ಲಿ ಹಾಗೇ ಕಾಣುತ್ತದೆ, ಏಕೆಂದರೆ ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ. ಚೆಂಡು ಈಡಿಯ ಕೈಗೆ ಸೇರುವ ಮೊದಲೇ ಅರ್ಧ ಕೆಲಸ ಮುಗಿದಿರುತ್ತಿತ್ತು.

ಮೊದಲನೆಯದು ಓಟ. ಎದುರಾಳಿ ಎಸೆದು ತಪ್ಪಿದ ತಕ್ಷಣ ಈಡಿ ಆ ತುದಿಯಿಂದ ಈ ತುದಿಗೆ ಓಡಿ, ರಿಂಗಿನ ಎದುರಿಗೇ ಬೆನ್ನು ಕೊಟ್ಟು ಜಾಗ ಹಿಡಿಯುತ್ತಿದ್ದ. 136 ಕಿಲೋ ತೂಕದವನು ಒಮ್ಮೆ ಅಲ್ಲಿ ಕಾಲೂರಿದರೆ ಅವನನ್ನು ಹೊರಗೆ ನೂಕುವುದು ಆಗದ ಮಾತು. ಕಾಲೇಜಿನಲ್ಲಿ ನಾನೂ ಅದೇ ಜಾಗದಲ್ಲಿ ನಿಂತು ಮೊಣಕೈ ಏಟು ತಿಂದವನು. ಆ ಜಾಗ ಹಿಡಿಯುವುದೇ ಆಟದ ಅತ್ಯಂತ ಕಷ್ಟದ ದುಡಿಮೆ ಎಂದು ಮೈಗೆ ಗೊತ್ತು. ಈಡಿ ಅದನ್ನು ಪಂದ್ಯಕ್ಕೆ 32 ನಿಮಿಷ ಮಾಡುತ್ತಿದ್ದ.

ಎರಡನೆಯದು ಸುತ್ತ ನಿಂತವರು. ಚೆಂಡು ತಂದು ಆಟ ನಡೆಸುವ ಪಾಯಿಂಟ್ ಗಾರ್ಡ್ ಬ್ರೇಡನ್ ಸ್ಮಿತ್ ಆರಡಿಯ ಹುಡುಗ, ಇಂಡಿಯಾನಾದವನೇ. 2023-24ರಲ್ಲಿ ಪಂದ್ಯಕ್ಕೆ 7.5 ಅಸಿಸ್ಟ್ (ಜೊತೆಗಾರನ ಬುಟ್ಟಿಗೆ ದಾರಿಯಾಗುವ ಪಾಸ್) ಕೊಟ್ಟು ಪರ್ಡ್ಯೂದ ಒಂದು ಋತುವಿನ ದಾಖಲೆ ಮುರಿದ. ಫ್ಲೆಚರ್ ಲೋಯರ್, ಮೇಸನ್ ಗಿಲ್ಲಿಸ್ ಇಬ್ಬರೂ ದೂರದ ಗೆರೆಯಾಚೆಯಿಂದ ಎಸೆಯುವ ತ್ರೀ ಪಾಯಿಂಟರ್‌ಗಳಲ್ಲಿ ನೂರಕ್ಕೆ 40ರ ಮೇಲೆ ಹಾಕುತ್ತಿದ್ದವರು. ಸದರ್ನ್ ಇಲಿನಾಯ್‌ನಿಂದ ಬಂದ ಲ್ಯಾನ್ಸ್ ಜೋನ್ಸ್ ತಂಡಕ್ಕೆ ಬೇಕಿದ್ದ ಕಾಲಿನ ವೇಗ ತಂದ. ಇಡೀ ತಂಡದ ತ್ರೀ ಪಾಯಿಂಟ್ ಸರಾಸರಿಯೇ ಶೇಕಡಾ 40ರ ಆಸುಪಾಸಿನಲ್ಲಿದ್ದು, ದೇಶದ ಅತ್ಯುತ್ತಮ ತಂಡಗಳ ಸಾಲಿನಲ್ಲಿತ್ತು. ಈಡಿಯ ಹತ್ತಿರ ಇಬ್ಬರು ಬಂದರೆ ಚೆಂಡು ಹೊರಗೆ, ಅಲ್ಲಿಂದ ಇನ್ನೊಂದು ಪಾಸ್, ಮೂಲೆಯಲ್ಲಿ ಒಬ್ಬ ಖಾಲಿ ನಿಂತಿರುತ್ತಿದ್ದ.

ಮೂರನೆಯದನ್ನು ಹೆಚ್ಚು ಜನ ಗಮನಿಸಲಿಲ್ಲ. ಈಡಿ ಸ್ಮಿತ್‌ಗೆ ಸ್ಕ್ರೀನ್ ಹಾಕಿ, ಅಂದರೆ ಅವನನ್ನು ಕಾಯುವವನಿಗೆ ಅಡ್ಡ ನಿಂತು, ಆಮೇಲೆ ರಿಂಗಿನ ಕಡೆ ತಿರುಗುತ್ತಿದ್ದ. ಅದೇ ಪಿಕ್ ಅಂಡ್ ರೋಲ್. ಎನ್‌ಬಿಎಯಲ್ಲಿ ಪ್ರತಿ ರಾತ್ರಿ ನಡೆಯುವ ಆಟ ಇದು. ಕೊನೆಯ ಎರಡು ವರ್ಷ ಅವನು ಇದನ್ನು ಚೆನ್ನಾಗಿ ಕಲಿತ. ಡ್ರಾಫ್ಟ್ ಲೆಕ್ಕ ಹಾಕುವವರು ಬೆನ್ನು ಕೊಟ್ಟು ಆಡುವ ಈಡಿಯನ್ನೇ ನೋಡಿ ತೀರ್ಪು ಕೊಟ್ಟರು, ಈ ಈಡಿಯನ್ನು ತಡವಾಗಿ ನೋಡಿದರು.

ಈ ದಾಳಿಯನ್ನು ತಡೆಯಲು ದಾರಿಯೇ ಇರಲಿಲ್ಲವೇ?

ಎರಡು ದಾರಿಗಳಿದ್ದವು, ಎರಡೂ ಒಂದಕ್ಕೊಂದು ಪೂರ್ತಿ ವಿರುದ್ಧ. ಈ ಎರಡು ಪಂದ್ಯಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಪರ್ಡ್ಯೂ ಅರ್ಥವಾಗುತ್ತದೆ.

ಒಂದು, 2023ರ ಮಾರ್ಚ್ 17, ಓಹಾಯೋದ ಕೊಲಂಬಸ್. ಕಾಲೇಜುಗಳ ರಾಷ್ಟ್ರೀಯ ಟೂರ್ನಿಯಲ್ಲಿ ಪರ್ಡ್ಯೂ ತನ್ನ ವಿಭಾಗದ 1ನೇ ಶ್ರೇಯಾಂಕದ ತಂಡ. ಎದುರಿಗೆ 16ನೇ ಶ್ರೇಯಾಂಕದ ಫೇರ್ಲಿ ಡಿಕಿನ್ಸನ್. ಕಾಲೇಜು ಆಟದ ಮೇಲಿನ ದರ್ಜೆಯಾದ ಡಿವಿಷನ್ 1ರ 363 ತಂಡಗಳಲ್ಲಿ ಸರಾಸರಿ ಎತ್ತರದಲ್ಲಿ ಕಟ್ಟಕಡೆಯ ತಂಡ ಅದು. ಅವರು ಈಡಿಯ ಮುಂದೊಬ್ಬ ಹಿಂದೊಬ್ಬ ನಿಂತರು, ಹೊರಗಿನವರಿಗೆ ಎಸೆಯಲು ಬಿಟ್ಟರು. ಪರ್ಡ್ಯೂ 26 ತ್ರೀ ಪಾಯಿಂಟರ್ ಎಸೆದು ಹಾಕಿದ್ದು 5. ಈಡಿ 21 ಪಾಯಿಂಟ್, 15 ರೀಬೌಂಡ್ ಪಡೆದರೂ 63-58ರಲ್ಲಿ ಸೋಲು. ಪುರುಷರ ಟೂರ್ನಿಯಲ್ಲಿ 16ನೇ ಶ್ರೇಯಾಂಕದ ತಂಡ 1ನೆಯದನ್ನು ಸೋಲಿಸಿದ್ದು ಅದು ಎರಡನೇ ಸಲ ಮಾತ್ರ. ಅವತ್ತು ಸ್ಮಿತ್, ಲೋಯರ್ ಇಬ್ಬರೂ ಮೊದಲ ವರ್ಷದ ಹುಡುಗರು.

ಇನ್ನೊಂದು, ಆ ಯುಗಾದಿ ಫೈನಲ್. ಎದುರಾಳಿ ಕನೆಕ್ಟಿಕಟ್ ತಂಡದ ಕೋಚ್ ಡ್ಯಾನ್ ಹರ್ಲಿ ಉಲ್ಟಾ ಲೆಕ್ಕ ಹಾಕಿದರು. ಅವರ ಬಳಿ ಡೊನೊವನ್ ಕ್ಲಿಂಗನ್ ಇದ್ದ, 7 ಅಡಿ 2 ಇಂಚಿನ ಸೆಂಟರ್, ಅಂದರೆ ಈಡಿಯ ಹಾಗೆ ರಿಂಗಿನ ಹತ್ತಿರ ಆಡುವವನು. ಈಡಿಯನ್ನು ಬಹುಪಾಲು ಅವನೊಬ್ಬನಿಗೇ ಬಿಟ್ಟು, ಉಳಿದ ನಾಲ್ವರು ಪರ್ಡ್ಯೂದ ಎಸೆತಗಾರರಿಗೆ ಅಂಟಿಕೊಂಡರು. ಈಡಿ ಎಷ್ಟು ಬೇಕಾದರೂ ಹೊಡೆಯಲಿ, ಬೇರೆಯವರಿಗೆ ಉಸಿರಾಡಲು ಬಿಡುವುದಿಲ್ಲ ಎಂಬ ಹಟ. ಇಡೀ ಪಂದ್ಯದಲ್ಲಿ ಪರ್ಡ್ಯೂ ಎಸೆದ ತ್ರೀ ಪಾಯಿಂಟರ್‌ಗಳು ಏಳೇ ಏಳು, ಬಿದ್ದದ್ದು ಒಂದು. ಈಡಿ 37 ಪಾಯಿಂಟ್, 10 ರೀಬೌಂಡ್. ಫಲಿತಾಂಶ 75-60.

ಒಂದು ಸಲ 26 ಎಸೆತ, ಇನ್ನೊಂದು ಸಲ 7. ಮೊದಲನೆಯದರಲ್ಲಿ ಜಾಗ ಸಿಕ್ಕಿಯೂ ಚೆಂಡು ಬೀಳಲಿಲ್ಲ, ಎರಡನೆಯದರಲ್ಲಿ ಜಾಗವೇ ಸಿಗಲಿಲ್ಲ. ಎರಡನೆಯದನ್ನು ಮಾಡಬೇಕಾದರೆ ಎನ್‌ಬಿಎ ಮಟ್ಟದ ಸೆಂಟರ್ ಒಬ್ಬನೂ, ಗಾರ್ಡ್‌ಗಳನ್ನು ಬೆನ್ನಟ್ಟಿ ಹಿಡಿಯಬಲ್ಲ ನಾಲ್ವರೂ ಒಂದೇ ತಂಡದಲ್ಲಿರಬೇಕು. ಆ ವರ್ಷ ಅಮೆರಿಕದ ಕಾಲೇಜುಗಳಲ್ಲಿ ಅಂಥದ್ದು ಕನೆಕ್ಟಿಕಟ್ ಬಿಟ್ಟರೆ ನನಗೆ ಇನ್ನೊಂದು ಕಾಣಲಿಲ್ಲ.

ಹಾಗಾದರೆ ಕೋಚ್ ಕಟ್ಟಿದ ವ್ಯವಸ್ಥೆಯೇ ಈಡಿಯನ್ನು ದೊಡ್ಡವನನ್ನಾಗಿ ಮಾಡಿತು ಎನ್ನಬಹುದಲ್ಲವೇ?

ಈ ಮಾತು ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಡ್ರಾಫ್ಟ್‌ಗೆ ಮುಂಚೆ ಅವನ ಮೇಲೆ ಹೊರಿಸಿದ ಆಪಾದನೆಗಳಲ್ಲಿ ದೊಡ್ಡದು ಇದೇ. ಕೋಚ್ ಮ್ಯಾಟ್ ಪೇಂಟರ್ ಅವರು 2005ರಿಂದ ಪರ್ಡ್ಯೂದಲ್ಲಿದ್ದಾರೆ. ಆಟಗಾರನಾಗಿದ್ದದ್ದೂ ಅಲ್ಲೇ, ಜೀನ್ ಕೀಡಿ ಅವರ ಕೈಕೆಳಗೆ. ಎ.ಜೆ. ಹ್ಯಾಮನ್ಸ್, 7 ಅಡಿ 2 ಇಂಚಿನ ಐಸಾಕ್ ಹಾಸ್, 7 ಅಡಿ 3 ಇಂಚಿನ ಮ್ಯಾಟ್ ಹಾರ್ಮ್ಸ್: ಉದ್ದನೆಯ ಸೆಂಟರ್‌ಗಳನ್ನು ಇಟ್ಟುಕೊಂಡು ಆಡಿಸುವುದು ಅವರಿಗೆ ಹೊಸದೇನಲ್ಲ. ವ್ಯವಸ್ಥೆಯೇ ಎಲ್ಲವನ್ನೂ ಮಾಡುವಂತಿದ್ದರೆ ಅವರಲ್ಲೊಬ್ಬನಾದರೂ 25 ಪಾಯಿಂಟ್ ಸರಾಸರಿ ತಲುಪಬೇಕಿತ್ತು. ಯಾರೂ ತಲುಪಲಿಲ್ಲ.

ಕಾರಣ ಮತ್ತು ಪರಿಣಾಮ ಇಲ್ಲಿ ಅದಲುಬದಲಾಗಿವೆ. ಇಬ್ಬರನ್ನು ತನ್ನ ಕಡೆ ಎಳೆದುಕೊಳ್ಳುವವನು ಒಳಗೆ ನಿಂತಿದ್ದರಿಂದಲೇ ಹೊರಗೆ ಜಾಗ ತೆರೆದುಕೊಂಡಿತು. ಅವನ ತೂಕದ ಸುತ್ತ ಆ ದಾಳಿ ತಿರುಗುತ್ತಿತ್ತು, ಬೀಸುಕಲ್ಲಿನ ನಡುವಿನ ಗೂಟದ ಹಾಗೆ. ಪೇಂಟರ್ ಅವರ ದೊಡ್ಡತನವೂ ಇದರಲ್ಲಿ ಕಡಿಮೆಯಾಗುವುದಿಲ್ಲ. 2021-22ರಲ್ಲಿ ಈಡಿ ಸೆಂಟರ್ ಜಾಗವನ್ನು ಟ್ರೆವಿಯನ್ ವಿಲಿಯಮ್ಸ್ ಜೊತೆ ಹಂಚಿಕೊಂಡು ಅರ್ಧ ಪಂದ್ಯ ಮಾತ್ರ ಆಡುತ್ತಿದ್ದ. ಹುಡುಗನ ಉಸಿರು, ಕಾಲು ಬಲಿಯುವ ತನಕ ಕಾದು, ಆಮೇಲೆ ಇಡೀ ಮನೆಯನ್ನೇ ಅವನಿಗೆ ತಕ್ಕಂತೆ ಕಟ್ಟಿದರು.

ರೆಫರಿಗಳು ಅವನ ಪರವಾಗಿದ್ದರು ಎನ್ನುತ್ತಾರಲ್ಲ?

ಕೊನೆಯ ವರ್ಷ ಅವನಿಗೆ ಪಂದ್ಯಕ್ಕೆ ಸರಾಸರಿ 11 ಫ್ರೀ ಥ್ರೋ (ಫೌಲ್‌ಗೆ ಪರಿಹಾರವಾಗಿ ಸಿಗುವ, ಯಾರೂ ತಡೆಯದ ಎಸೆತ) ಸಿಕ್ಕವು. ದೊಡ್ಡ ಸಂಖ್ಯೆ, ಒಪ್ಪುತ್ತೇನೆ. ಆದರೆ ಅವನಿಗೆ ಚೆಂಡು ಸಿಕ್ಕ ಪ್ರತಿ ಸಲ ಎದುರಾಳಿ ತೋಳಿಗೆ ಜೋತುಬೀಳುವುದನ್ನೂ ನೋಡಿದ್ದೇನೆ. ಕರೆಯದೆ ಬಿಟ್ಟ ಫೌಲ್‌ಗಳೂ ಕಡಿಮೆಯಿಲ್ಲ. ಅಷ್ಟು ಉದ್ದದವನಿಗೆ ಏಟು ಬಿದ್ದಾಗ ಅವನು ಅಲುಗುವುದೇ ಇಲ್ಲ, ಅದರಿಂದ ಏಟು ಏಟಿನಂತೆ ಕಾಣುವುದಿಲ್ಲ. ಸಿಕ್ಕಿದ್ದರಲ್ಲಿ ಶೇಕಡಾ 71 ಹಾಕಿದ. ಸೆಂಟರ್ ಒಬ್ಬನಿಗೆ ಒಳ್ಳೆಯ ಲೆಕ್ಕ.

2023ರಲ್ಲೇ ಪ್ರಶಸ್ತಿ ಗೆದ್ದಿದ್ದನಲ್ಲ, ಆಗಲೇ ಎನ್‌ಬಿಎಗೆ ಏಕೆ ಹೋಗಲಿಲ್ಲ?

ಹೆಸರು ಕೊಟ್ಟಿದ್ದ, ಗಡುವಿನೊಳಗೆ ಹಿಂದಕ್ಕೆ ತೆಗೆದುಕೊಂಡ. ಆ ವರ್ಷ ಅವನು ಎರಡನೇ ಸುತ್ತಿಗೆ ಜಾರುತ್ತಾನೆ ಎಂಬುದೇ ಬಹುತೇಕರ ಅಂದಾಜು. ಫೇರ್ಲಿ ಡಿಕಿನ್ಸನ್ ಸೋಲು ಬೇರೆ ಹೆಗಲ ಮೇಲಿತ್ತು.

ಕಾಲೇಜಿನಲ್ಲಿ ಉಳಿದರೆ ದುಡ್ಡಿಗೆ ತೊಂದರೆಯಿಲ್ಲ ಎನ್ನುವ ಹಾಗೂ ಇರಲಿಲ್ಲ. 2021ರಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖ ಬಳಸಿಕೊಂಡು ಜಾಹೀರಾತುಗಳಿಂದ ಸಂಪಾದಿಸಬಹುದು. ಆದರೆ ಈಡಿ ಕೆನಡಾದವನು, ಅಮೆರಿಕದಲ್ಲಿ ವಿದ್ಯಾರ್ಥಿ ವೀಸಾದ ಮೇಲಿದ್ದವನು. ನಮ್ಮ ಬೆಂಗಳೂರು, ಮೈಸೂರು, ಹುಬ್ಬಳ್ಳಿಯಿಂದ ಎಂಎಸ್ ಓದಲು ಹೋಗುವ ಹುಡುಗ ಹುಡುಗಿಯರಿಗೆ ಚೆನ್ನಾಗಿ ಗೊತ್ತಿರುವ ಅದೇ ಎಫ್-1. ಕ್ಯಾಂಪಸ್ಸಿನ ಹೊರಗೆ ದುಡಿಯುವಂತಿಲ್ಲ ಎಂಬ ಕಟ್ಟು ದೇಶದ ಅತ್ಯುತ್ತಮ ಆಟಗಾರನಿಗೂ ಇತ್ತು. ಬದಲಿ ಆಟಗಾರರು ಜಾಹೀರಾತಿನಲ್ಲಿ ಕಾಣಿಸಿಕೊಳ್ಳುವಾಗ ಇವನು ಸುಮ್ಮನಿರಬೇಕಾಗಿತ್ತು. ಅದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಅಷ್ಟಾದರೂ ಅವನು ಮರಳಿ ಬಂದು ಇನ್ನೊಂದು ವರ್ಷ ಆಡಿದ. ಆ ಬೇಸಿಗೆಯಲ್ಲಿ ಕೆನಡಾ ವಿಶ್ವಕಪ್‌ನಲ್ಲಿ ಕಂಚು ಗೆದ್ದಾಗ ಅವನೂ ತಂಡದಲ್ಲಿದ್ದ. ಎನ್‌ಬಿಎ ಆಟಗಾರರ ಜೊತೆ ದಿನವೂ ಅಭ್ಯಾಸ ಮಾಡಿದ್ದು ಅವನಿಗೆ ಒಂದು ವರ್ಷದ ಪಾಠಕ್ಕೆ ಸಮವಾಯಿತು.

ಎರಡೆರಡು ಸಲ ದೇಶದ ಅತ್ಯುತ್ತಮ ಆಟಗಾರ. ಮತ್ತೆ ಎನ್‌ಬಿಎ ತಂಡಗಳಿಗೆ ಅನುಮಾನ ಏಕೆ?

ಹಿಂದಿನವರ ಅನುಭವದಿಂದ. ಅಯೋವಾದ ಲೂಕಾ ಗಾರ್ಜಾ 2021ರ ಅತ್ಯುತ್ತಮ ಕಾಲೇಜು ಆಟಗಾರ, ಅವನೂ ಸೆಂಟರ್. ಡ್ರಾಫ್ಟ್‌ನಲ್ಲಿ ಹೋದದ್ದು 52ನೆಯವನಾಗಿ. ಕೆಂಟಕಿಯ ಆಸ್ಕರ್ ಶೀಬ್ವೆ 2022ರ ಅತ್ಯುತ್ತಮ ಆಟಗಾರ, ರೀಬೌಂಡ್‌ಗಳ ರಾಜ; 2023ರ ಡ್ರಾಫ್ಟ್‌ನಲ್ಲಿ ಅವನ ಹೆಸರನ್ನು ಯಾರೂ ಕರೆಯಲಿಲ್ಲ. ಗಾನ್‌ಜಾಗಾದ ಡ್ರೂ ಟಿಮ್ಮಿಯನ್ನೂ ಕರೆಯಲಿಲ್ಲ. ಕಾಲೇಜಿನಲ್ಲಿ ರಿಂಗಿನ ಹತ್ತಿರ ಆಳಿದವರು ಮೇಲಿನ ಹಂತದಲ್ಲಿ ನಿಲ್ಲುವುದಿಲ್ಲ ಎಂಬ ನಂಬಿಕೆ ಗಟ್ಟಿಯಾಗಿತ್ತು. ಈಡಿಯನ್ನೂ ಅದೇ ಸಾಲಿಗೆ ಸೇರಿಸಿದರು.

ಆದರೆ ಈ ಮೂವರೂ ಏಳಡಿಗಿಂತ ಕಡಿಮೆಯವರು. ಶೀಬ್ವೆ ಅಂತೂ ಏಳಡಿಗೆ ಮೂರಿಂಚು ಕಡಿಮೆ. ಎರಡು ಕೈ ಚಾಚಿದರೆ ಸುಮಾರು 7 ಅಡಿ 11 ಇಂಚು ಅಳತೆಗೆ ಬರುವವನನ್ನು ಇವರ ಪಕ್ಕ ನಿಲ್ಲಿಸಿ ಒಂದೇ ಜಾತಿ ಎನ್ನುವುದು ಹೇಗೆ? ಅನುಮಾನಪಡಬೇಕಾದ ವಿಷಯ ಬೇರೆ ಇತ್ತು, ಅದು ಅಂಕಣದ ಇನ್ನೊಂದು ತುದಿಯಲ್ಲಿ.

ಆ ಇನ್ನೊಂದು ತುದಿಯ ತೊಂದರೆ ಏನು?

ರಕ್ಷಣೆ. ಕಾಲೇಜು ನಿಯಮದಲ್ಲಿ ರಕ್ಷಣೆ ಮಾಡುವ ಸೆಂಟರ್ ರಿಂಗಿನ ಕೆಳಗೆ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು. ಎನ್‌ಬಿಎಯಲ್ಲಿ ಹಾಗಿಲ್ಲ, ತನ್ನ ಎದುರಾಳಿಗೆ ಹತ್ತಿರವಿಲ್ಲದೆ ರಿಂಗಿನ ಮುಂದೆ ಗೆರೆ ಎಳೆದ ಚೌಕದೊಳಗೆ ಮೂರು ಸೆಕೆಂಡಿಗಿಂತ ಹೆಚ್ಚು ನಿಂತರೆ ಎದುರಾಳಿಗೆ ಫ್ರೀ ಥ್ರೋ. 2001-02ರಿಂದ ಇರುವ ನಿಯಮ. ಆ ಚೌಕದ ಅಗಲವೂ ಕಾಲೇಜಿನಲ್ಲಿ 12 ಅಡಿ, ಎನ್‌ಬಿಎಯಲ್ಲಿ 16. ತ್ರೀ ಪಾಯಿಂಟ್ ಗೆರೆ ಕಾಲೇಜಿನಲ್ಲಿ 22 ಅಡಿಗಿಂತ ತುಸು ಆಚೆ, ಎನ್‌ಬಿಎಯಲ್ಲಿ 23 ಅಡಿ 9 ಇಂಚಿನಲ್ಲಿ. ದಾಳಿ ಮುಗಿಸಲು ಕಾಲೇಜಿನಲ್ಲಿ 30 ಸೆಕೆಂಡ್, ಇಲ್ಲಿ 24. ಇವೆಲ್ಲ ಸೇರಿದರೆ ದೊಡ್ಡ ಮೈಯವನು ಕಾಯಬೇಕಾದ ನೆಲ ವಿಸ್ತಾರವಾಗುತ್ತದೆ. ಎನ್‌ಬಿಎಯ ಚುರುಕು ಗಾರ್ಡ್‌ಗಳು ಇಂಥವನನ್ನು ಹುಡುಕಿ, ಸ್ಕ್ರೀನ್ ಹಾಕಿಸಿ ಹೊರಗೆ ಎಳೆದು ಎದುರಿಗೆ ನಿಲ್ಲಿಸಿಕೊಳ್ಳುತ್ತಾರೆ. ಅಲ್ಲಿ ಎತ್ತರಕ್ಕಿಂತ ಕಾಲಿನ ಚಲನೆ ಮುಖ್ಯ.

ಪ್ರಶ್ನೆ ನ್ಯಾಯವಾದದ್ದೇ. ಒಂದು ಉತ್ತರ ಮಾತ್ರ ಕಾಲೇಜಿನಲ್ಲೇ ಸಿಕ್ಕಿತ್ತು. 2024ರ ಮಾರ್ಚ್ 31, ಡೆಟ್ರಾಯಿಟ್. ಟೆನೆಸ್ಸೀ ಎದುರು ಗೆದ್ದರೆ 1980ರ ನಂತರ ಮೊದಲ ಸಲ ಪರ್ಡ್ಯೂ ಕೊನೆಯ ನಾಲ್ಕರಲ್ಲಿ. ಟೆನೆಸ್ಸೀಯ ಡಾಲ್ಟನ್ ಕನೆಕ್ಟ್ 37 ಪಾಯಿಂಟ್ ಹೊಡೆದು ಒಬ್ಬನೇ ತಂಡವನ್ನು ಹೊತ್ತಿದ್ದ. ಪಂದ್ಯದ ಕೊನೆಯ ನಿಮಿಷದಲ್ಲಿ ಅವನು ರಿಂಗಿನತ್ತ ನುಗ್ಗಿದಾಗ ಈಡಿ ಅದನ್ನು ಬ್ಲಾಕ್ ಮಾಡಿದ. ಅದಾಗಲೇ 40 ಪಾಯಿಂಟ್, 16 ರೀಬೌಂಡ್ ಮಾಡಿ ದಣಿದ ಕಾಲುಗಳವು. 72-66. ಆ ಒಂದು ಬ್ಲಾಕ್ ಅವನ 40 ಪಾಯಿಂಟ್‌ಗಳಿಗಿಂತ ಹೆಚ್ಚು ತೂಕದ್ದು ಎಂದು ನನಗೆ ಅವತ್ತೇ ಅನಿಸಿತ್ತು.

ಡ್ರಾಫ್ಟ್ ರಾತ್ರಿ ಏನಾಯಿತು?

2024ರ ಜೂನ್ 26, ಬ್ರೂಕ್ಲಿನ್. ಮೊದಲ ಸುತ್ತಿನ ಮಧ್ಯದಲ್ಲೋ ಕೊನೆಯಲ್ಲೋ ಹೋಗುತ್ತಾನೆ ಎಂದು ಹೆಚ್ಚಿನವರು ಬರೆದಿದ್ದರು. ಫ್ರಾನ್ಸಿನ ಝಕಾರಿ ರಿಸಾಶೆ ಮೊದಲನೆಯವನಾಗಿ ಅಟ್ಲಾಂಟಾಗೆ ಹೋದ. ಕನೆಕ್ಟಿಕಟ್‌ನ ಸ್ಟೀಫನ್ ಕ್ಯಾಸಲ್ 4ನೆಯವನಾಗಿ ಸ್ಯಾನ್ ಆಂಟೋನಿಯೊಗೆ, ಕ್ಲಿಂಗನ್ 7ನೆಯವನಾಗಿ ಪೋರ್ಟ್‌ಲ್ಯಾಂಡ್‌ಗೆ. 9ನೇ ಸರದಿ ಮೆಂಫಿಸ್ ಗ್ರಿಜ್ಲೀಸ್‌ನದು. ಈಡಿ ಎಂದರು. ಟಿವಿ ಮುಂದೆ ನಾನು ಕುಳಿತಲ್ಲಿಂದ ಎದ್ದು ನಿಂತಿದ್ದೆ.

ಮೆಂಫಿಸ್ ಏಕೆ ಅವನನ್ನು ಆರಿಸಿತು?

ಖಾಲಿ ಜಾಗ ಅವನ ಅಳತೆಯದ್ದೇ ಆಗಿತ್ತು. ಗಾಯಗಳಿಂದ ನಲುಗಿದ ಮೆಂಫಿಸ್ ಆ ಋತುವಿನಲ್ಲಿ 27 ಗೆದ್ದು 55 ಸೋತಿತ್ತು, ಅದಕ್ಕೇ ಅಷ್ಟು ಮುಂದಿನ ಸರದಿ ಸಿಕ್ಕಿದ್ದು. ಗಟ್ಟಿಯಾಗಿ ಅಡ್ಡ ನಿಲ್ಲುತ್ತಿದ್ದ, ರೀಬೌಂಡ್ ಕಸಿಯುತ್ತಿದ್ದ ಸೆಂಟರ್ ಸ್ಟೀವನ್ ಆಡಮ್ಸ್‌ನನ್ನು ಫೆಬ್ರವರಿಯಲ್ಲೇ ಹ್ಯೂಸ್ಟನ್‌ಗೆ ಬಿಟ್ಟುಕೊಟ್ಟಿದ್ದರು. ಗಾರ್ಡ್ ಜಾ ಮೊರಾಂಟ್‌ಗೆ ಸ್ಕ್ರೀನ್ ಹಾಕುವವನು ಬೇಕಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಜ್ಯಾರೆನ್ ಜ್ಯಾಕ್ಸನ್ ಜೂನಿಯರ್ ಅಲ್ಲಿದ್ದ. 2023ರಲ್ಲಿ ಲೀಗಿನ ಅತ್ಯುತ್ತಮ ರಕ್ಷಣಾ ಆಟಗಾರ ಎನಿಸಿಕೊಂಡವನು. ಹೊರಗೆ ಓಡಾಡುವ ಎದುರಾಳಿಯನ್ನು ಅವನು ನೋಡಿಕೊಂಡರೆ ಈಡಿ ರಿಂಗಿನ ಹತ್ತಿರ ಉಳಿಯಬಹುದು. ಪರ್ಡ್ಯೂದಲ್ಲಿ ಪೇಂಟರ್ ಹಾಕಿದ್ದೂ ಇಂಥದ್ದೇ ಲೆಕ್ಕ: ಅವನಿಗೆ ಬರುವುದನ್ನು ಮಾಡಿಸು, ಬಾರದ್ದಕ್ಕೆ ಪಕ್ಕದಲ್ಲಿ ಜನ ಇಡು.

ಕ್ಲಿಂಗನ್ ಈಡಿಗಿಂತ ಮೊದಲು ಹೋದದ್ದು ಸರಿಯೇ?

ತಪ್ಪೇನಿಲ್ಲ. ಕ್ಲಿಂಗನ್ ವಯಸ್ಸಿನಲ್ಲಿ ಸುಮಾರು ಎರಡು ವರ್ಷ ಚಿಕ್ಕವನು, ಕಾಲು ಚುರುಕು, ಹುಟ್ಟಾ ರಕ್ಷಕ. ಡ್ರಾಫ್ಟ್‌ನಲ್ಲಿ ವಯಸ್ಸೂ ಒಂದು ಬೆಲೆ. ಈಡಿಗೆ ಆಗಲೇ 22 ತುಂಬಿತ್ತು.

ಮೊದಲ ವರ್ಷ ಹೇಗೆ ಆಡಿದ?

ಶುರುವಾದದ್ದು ಕೆಟ್ಟದಾಗಿ. 2024ರ ಅಕ್ಟೋಬರ್‌ನಲ್ಲಿ ಯೂಟಾ ಎದುರಿನ ಮೊದಲ ಪಂದ್ಯದಲ್ಲೇ ಆರು ಫೌಲ್ ಆಗಿ ಹೊರಗೆ ಕೂರಬೇಕಾಯಿತು. ಕಾಲೇಜಿನಲ್ಲಿ ಐದೇ ಫೌಲ್ ಮಿತಿಯಿದ್ದೂ ಜಾಣತನದಿಂದ ಆಡಿದವನು, ಇಲ್ಲಿ ಆರು ಸಾಲದೆ ಹೋದ. ವೇಗಕ್ಕೆ ಹೊಂದಿಕೊಳ್ಳಲು ಅವನಿಗೆ ವಾರಗಳೇ ಹಿಡಿದವು. ನಡುವೆ ಗಾಯಗಳಿಂದ ಪಂದ್ಯಗಳು ತಪ್ಪಿದವು.

ಋತು ಮುಗಿದಾಗ 66 ಪಂದ್ಯ, ಸರಾಸರಿ 21 ನಿಮಿಷ ಚಿಲ್ಲರೆ, 9.2 ಪಾಯಿಂಟ್, 8.3 ರೀಬೌಂಡ್, ಎಸೆತದಲ್ಲಿ ಶೇಕಡಾ 58. ಮಾರ್ಚ್ ಕೊನೆಯಲ್ಲಿ ಬೋಸ್ಟನ್ ಎದುರು ಒಂದೇ ಪಂದ್ಯದಲ್ಲಿ 21 ರೀಬೌಂಡ್ ಹಿಡಿದ. ಹೊಸಬರ ಮೊದಲ ಐವರ ತಂಡಕ್ಕೆ ಆಯ್ಕೆಯಾದ. ಅದರಲ್ಲಿ ಕ್ಯಾಸಲ್, ರಿಸಾಶೆ, ಅಲೆಕ್ಸ್ ಸಾರ್ ಜೊತೆಗೆ ಮೆಂಫಿಸ್‌ನ ಅವನದೇ ಜೊತೆಗಾರ ಜೇಲನ್ ವೆಲ್ಸ್ ಇದ್ದ. ಡ್ರಾಫ್ಟ್‌ನಲ್ಲಿ ಅವನಿಗಿಂತ ಮೊದಲು ಹೋದ ಎಂಟು ಜನರಲ್ಲಿ ಈ ಐವರ ಪಟ್ಟಿಗೆ ಬಂದವರು ಮೂವರೇ. ತಂಡ 48 ಗೆದ್ದು 34 ಸೋತು ಪ್ಲೇಆಫ್ ತಲುಪಿತು, ಅಲ್ಲಿ ಒಕ್ಲಹೋಮ ಸಿಟಿ ಮುಂದೆ ನಾಲ್ಕಕ್ಕೆ ನಾಲ್ಕೂ ಸೋತಿತು.

ಒಂದು ವಿಷಯ ನನ್ನನ್ನು ಕಾಡುತ್ತದೆ. ಆ ಋತುವಿನ ಹೆಚ್ಚಿನ ಭಾಗ ಮೆಂಫಿಸ್ ಹೊಸ ಬಗೆಯ ದಾಳಿ ಆಡಿತು, ಪಿಕ್ ಅಂಡ್ ರೋಲ್ ತೀರಾ ಕಡಿಮೆ ಮಾಡಿತು. ಸ್ಕ್ರೀನ್ ಹಾಕುವುದರಲ್ಲಿ ಬೆಟ್ಟದಂಥವನನ್ನು ತಂದು, ಸ್ಕ್ರೀನ್ ಬೇಡದ ಆಟ ಆಡಿಸಿದರು. ಅಂಥದ್ದರಲ್ಲೂ ಅವನು ಇಷ್ಟು ಮಾಡಿದ.

ಅವನಿಗೆ ತ್ರೀ ಪಾಯಿಂಟರ್ ಬರುತ್ತದೆಯೇ?

ಕಾಲೇಜಿನಲ್ಲಿ ಎಸೆದದ್ದೇ ಇಲ್ಲ ಎನ್ನಬಹುದು, ನಾಲ್ಕು ವರ್ಷಕ್ಕೆ ಒಂದೆರಡು. ಎನ್‌ಬಿಎಯ ಮೊದಲ ವರ್ಷ ಅಪರೂಪಕ್ಕೆ ಎಸೆದ, ಮೂರಕ್ಕೊಂದು ಬಿತ್ತು. ಅವನ ಫ್ರೀ ಥ್ರೋ ನೋಡಿದವರಿಗೆ ಇದು ಅಚ್ಚರಿಯಲ್ಲ. ಕೈ ಮೃದು, ಎಸೆತದ ಗತಿ ಒಂದೇ ಸಮ.

ಈಡಿ ಹೋದ ಮೇಲೆ ಪರ್ಡ್ಯೂ ಗತಿ ಏನಾಯಿತು?

ಕುಸಿಯಲಿಲ್ಲ, ರೂಪ ಬದಲಾಯಿಸಿತು. 2024-25ರಲ್ಲಿ ಟ್ರೇ ಕೌಫ್‌ಮನ್-ರೆನ್ ಪಂದ್ಯಕ್ಕೆ 20.1 ಪಾಯಿಂಟ್ ಹೊಡೆದ. ಸ್ಮಿತ್ 15.8 ಪಾಯಿಂಟ್, 8.7 ಅಸಿಸ್ಟ್ ಮಾಡಿ ಅಖಿಲ ಅಮೆರಿಕ ತಂಡಕ್ಕೆ ಬಂದ. ಬೆನ್ನು ಕೊಟ್ಟು ನಿಲ್ಲುವ ಆಟದ ಬದಲು ಇವರಿಬ್ಬರ ಪಿಕ್ ಅಂಡ್ ರೋಲ್ ಮುಖ್ಯವಾಯಿತು. 24 ಗೆದ್ದು 12 ಸೋತರು. ಕೊನೆಯ ಹದಿನಾರರಲ್ಲಿ ಹ್ಯೂಸ್ಟನ್ ಎದುರು 62-60ರಲ್ಲಿ ಹೋರಾಡಿ ಸೋತರು.

ಇದನ್ನೇ ತೋರಿಸಿ, ನೋಡಿ ವ್ಯವಸ್ಥೆಯೇ ದೊಡ್ಡದು ಎನ್ನುವವರಿದ್ದಾರೆ. ಹಿಂದಿನ ವರ್ಷ ಇದೇ ಹುಡುಗರು ಈಡಿಯ ಜೊತೆ 34 ಗೆದ್ದು ಐದೇ ಐದು ಸೋತಿದ್ದರು ಎಂಬುದನ್ನೂ ನೋಡಬೇಕು. ಒಳ್ಳೆಯ ಕೋಚ್, ಒಳ್ಳೆಯ ಗಾರ್ಡ್ ಇದ್ದರೆ ಕೊನೆಯ ಹದಿನಾರು. ಫೈನಲ್‌ಗೆ ಬೇಕಾದದ್ದು ಆ ಒಬ್ಬ.

ನಮ್ಮ ದೇಶದವರು ಯಾರಾದರೂ ಈ ದಾರಿಯಲ್ಲಿ ಹೋಗಿದ್ದಾರೆಯೇ?

ಪಂಜಾಬಿನ ಸತ್ನಾಮ್ ಸಿಂಗ್ ಭಮಾರಾ. 7 ಅಡಿ 2 ಇಂಚು. ಈಡಿ ಓದಿದ ಅದೇ ಐಎಂಜಿ ಅಕಾಡೆಮಿಯಲ್ಲಿ ಅವನಿಗಿಂತ ಮೊದಲು ತರಬೇತಿ ಪಡೆದವನು. 2015ರಲ್ಲಿ ಡಲ್ಲಾಸ್ ಅವನನ್ನು 52ನೆಯವನಾಗಿ ಆರಿಸಿತು; ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಭಾರತೀಯ. ಆದರೆ ಎನ್‌ಬಿಎ ಪಂದ್ಯವೊಂದನ್ನೂ ಆಡಲಿಲ್ಲ. ಸತ್ನಾಮ್ ಅಕಾಡೆಮಿಯಿಂದ ನೇರವಾಗಿ ಡ್ರಾಫ್ಟ್‌ಗೆ ಹೋದ, ಈಡಿಗೆ ನಡುವೆ ಕಾಲೇಜಿನ ನಾಲ್ಕು ವರ್ಷ ಸಿಕ್ಕವು. ಮೊದಲ ವರ್ಷದ ಈಡಿಯ ಆಟದ ತುಣುಕುಗಳನ್ನು ನೋಡಿ, ಆಮೇಲೆ ನಾಲ್ಕನೇ ವರ್ಷದ್ದು ನೋಡಿ. ದೊಡ್ಡ ಮೈ ಬಲಿಯಲು ಹೊತ್ತು ಬೇಕು. ನಮ್ಮ ಉದ್ದನೆಯ ಮಕ್ಕಳಿಗೆ ಆ ಹೊತ್ತು ಸಿಗುವ ಜಾಗಗಳು ಇನ್ನೂ ಹೆಚ್ಚಾಗಬೇಕು ಎಂಬುದು ನನ್ನ ಆಸೆ.

ಈಗ ಅವನ ಸ್ಥಿತಿ ಹೇಗೆ? ಚಿಂತೆಯ ವಿಷಯ ಏನಾದರೂ ಇದೆಯೇ?

ಇದೆ, ಕಾಲು. 2025ರ ಜೂನ್‌ನಲ್ಲಿ ಪಾದದ ಕೀಲಿಗೆ ಶಸ್ತ್ರಚಿಕಿತ್ಸೆ ಆಯಿತು. ಈ ಎತ್ತರ, ಈ ತೂಕದವರಿಗೆ ಪಾದವೇ ಶತ್ರು. ಚೀನಾದ ಸೆಂಟರ್ ಯಾವೊ ಮಿಂಗ್ ಪಾದದ ಗಾಯಗಳಿಂದಾಗಿಯೇ 30ನೇ ವಯಸ್ಸಿನಲ್ಲಿ, 2011ರಲ್ಲಿ, ನಿವೃತ್ತನಾಗಬೇಕಾಯಿತು. ಆಟ, ಬುದ್ಧಿ, ಶ್ರದ್ಧೆಯ ಬಗ್ಗೆ ನನಗೆ ಯಾವ ಅನುಮಾನವೂ ಉಳಿದಿಲ್ಲ. ಆ ಕೀಲುಗಳು ಗಟ್ಟಿಯಾಗಿರಲಿ ಎಂಬುದಷ್ಟೇ ನನ್ನ ಹಾರೈಕೆ.

ಅವನ ಆಟವನ್ನು ಮೊದಲ ಸಲ ನೋಡುವವರು ಏನನ್ನು ಗಮನಿಸಬೇಕು?

ಚೆಂಡನ್ನು ಬಿಡಿ. ದಾಳಿ ಶುರುವಾದ ಕೂಡಲೇ ಈಡಿ ಎಲ್ಲಿ ನಿಂತ, ಅವನನ್ನು ಕಾಯುವವನ ಕಾಲು ಎಷ್ಟು ಹಿಂದೆ ಸರಿಯಿತು ನೋಡಿ. ಆಮೇಲೆ ಮೂಲೆಯಲ್ಲಿ ನಿಂತ ಎಸೆತಗಾರನನ್ನು ಕಾಯುವ ರಕ್ಷಕನ ಕಣ್ಣು ನೋಡಿ; ಅದು ಈಡಿಯ ಕಡೆ ಹೊರಳಿತೋ, ಆ ಮೂಲೆ ಖಾಲಿಯಾಯಿತು ಎಂದೇ ಲೆಕ್ಕ. ಎದುರಾಳಿ ಸೆಂಟರ್‌ಗೆ ಎಷ್ಟು ಫೌಲ್ ಆಗಿದೆ ಎಂದು ಆಗಾಗ ಫಲಕ ನೋಡಿ. ಇನ್ನೊಂದು ತುದಿಗೆ ಹೋದಾಗ, ಎದುರಾಳಿ ಗಾರ್ಡ್ ಒಳಗೆ ನುಗ್ಗಿ ಬಂದು, ತಲೆ ಎತ್ತಿ, ಎಸೆಯದೆ ಚೆಂಡನ್ನು ಹೊರಗೆ ಕೊಟ್ಟು ತಿರುಗುವುದನ್ನು ಎಣಿಸಿ. ಅದು ಯಾವ ಅಂಕಿಪಟ್ಟಿಯಲ್ಲೂ ಬರುವುದಿಲ್ಲ. ಒಂದು ಪಂದ್ಯದಲ್ಲಿ ನಾನು ಹನ್ನೊಂದು ಎಣಿಸಿದ್ದೆ.